ಬಳೆಯ ಪಿನ್ನು ಮತ್ತು ಫ್ರಿಜ್ಜಿನ ಉರಿ

ಮೊದಲು ಹಾಲು ಒಡೆಯಿತು. ಇದೊಂದು ವಿಷಯದಲ್ಲಿ ನಮ್ಮ ಮನೆಯವರೆಲ್ಲರೂ ಒಪ್ಪುತ್ತಾರೆ. ಆಮೇಲೆ ನಡೆದ ಪ್ರತಿಯೊಂದಕ್ಕೂ ನಮ್ಮಲ್ಲಿ ಎರಡು ಮೂರು ಪಾಠಾಂತರಗಳಿವೆ. ನಾನು ಇಲ್ಲಿ ಬರೆಯುತ್ತಿರುವುದು ನನ್ನದು. ಅದೇ ಸರಿ ಎಂದು ಹೇಳುತ್ತಿಲ್ಲ.

ಹಾಲು ಒಡೆದದ್ದು ಕ್ಯಾರವಾನಿನ ಫ್ರಿಜ್ಜಿನೊಳಗೆ. ಆ ವಸಂತದಲ್ಲಿ ವಯಸ್ಸಾದ ಸ್ವೀಡಿಷ್ ದಂಪತಿಯಿಂದ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಹಳೆಯ ಕ್ಯಾರವಾನೊಂದನ್ನು ಕೊಂಡಿದ್ದೆವು. ಬೇಸಿಗೆ ಕಳೆಯಲು ಅಮ್ಮ ಬೆಂಗಳೂರಿನಿಂದ ಬಂದಿದ್ದಳು. ಅಮ್ಮ, ನಾನು, ನನ್ನ ಗಂಡ, ಏಳು ವರ್ಷದ ಮಗಳು, ನಾಲ್ವರೂ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಸಮುದ್ರ ದಂಡೆಯ, ಗಾಡಿ ನಿಲ್ಲಿಸಿ ತಂಗುವ ಕ್ಯಾಂಪಿಂಗ್‌ಗೆ ಹೋದೆವು. ಕರೆಂಟ್ ಇರುವ ಜಾಗಗಳೆಲ್ಲ ಮೊದಲೇ ತುಂಬಿದ್ದವು. ನಮಗೆ ಸಿಕ್ಕಿದ್ದು ಬಂಡೆಗೆ ಒತ್ತಿಕೊಂಡಿದ್ದ ಹುಲ್ಲಿನ ತುಂಡು. ಹಾಗಾಗಿ ಫ್ರಿಜ್ಜನ್ನು ಗ್ಯಾಸಿನ ಮೇಲೆ ಓಡಿಸಬೇಕಾಯಿತು.

ಗ್ಯಾಸಿನಿಂದ ಫ್ರಿಜ್ ಓಡುತ್ತದೆ ಎನ್ನುವುದನ್ನು ಅಮ್ಮ ಮೊದಲು ನಂಬಲಿಲ್ಲ.

"ತಣ್ಣಗಾಗಕ್ಕೆ ಬೆಂಕಿ ಹಚ್ತಾರಾ?" ಎಂದು ಅಳಿಯನನ್ನು ಕೇಳಿದಳು.

"ಹೂಂ ಅತ್ತೆ. ಹಿಂದುಗಡೆ ಪೈಪಲ್ಲಿ ಅಮೋನಿಯಾ ನೀರಿರತ್ತೆ. ಕೆಳಗೆ ಸಣ್ಣ ಉರಿ. ಅದು ಕಾಯಿಸಿದ್ರೆ ಅಮೋನಿಯಾ ಮೇಲೆ ಹೋಗಿ, ಆರಿ, ಮತ್ತೆ ಕೆಳಗೆ ಬರೋವಾಗ ಒಳಗಿನ ಶಾಖ ಎಳ್ಕೊಂಡು ಬರತ್ತೆ."

"ಅಂದ್ರೆ ಉರಿ ಸರಿಯಿಲ್ದಿದ್ರೆ ತಂಪೂ ಸರಿಯಿರಲ್ಲ."

"ಕರೆಕ್ಟ್."

"ಮತ್ತೆ ಉರಿ ತೋರ್ಸಿ. ಒಲೆ ನೋಡ್ದೇ ಅಡುಗೆ ಬಗ್ಗೆ ಮಾತಾಡಿದ ಹಾಗಾಯ್ತು ಇದು."

ಇಲ್ಲಿ ಅಮ್ಮನ ಬಳೆಯ ವಿಷಯ ಹೇಳಲೇಬೇಕು. ಅವಳ ಬಲಗೈಯ ಚಿನ್ನದ ಬಳೆಗೆ ಸದಾ ಎರಡು ಮೂರು ಪಿನ್ನುಗಳು ನೇತಾಡುತ್ತಿರುತ್ತವೆ. ಸೀರೆಯ ಸೆರಗಿಗೆ, ಲಂಗಕ್ಕೆ ಲಾಡಿ ಪೋಣಿಸಲು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು, ಉಪ್ಪಿನ ಡಬ್ಬಿಯ ತೂತು ಬಿಡಿಸಲು, ಎಲ್ಲಕ್ಕೂ ಅದೇ. ಗ್ಯಾಸ್ ಒಲೆಯ ಉರಿ ಕೆಂಪಗಾದರೆ ಬರ್ನರ್ ಎತ್ತಿ, ಒಂದೊಂದೇ ತೂತಿಗೆ ಪಿನ್ನು ಹಾಕಿ ಬಿಡಿಸುತ್ತಾಳೆ. ನಾನು ಚಿಕ್ಕವಳಿದ್ದಾಗ ನಮ್ಮ ವಠಾರದಲ್ಲಿ ಯಾರ ಮನೆಯ ಒಲೆ ಕೆಟ್ಟರೂ ಮೊದಲು ಅಮ್ಮನನ್ನು ಕರೆಯುತ್ತಿದ್ದರು. ಅವಳ ಕೈಬಳೆಯ ಸದ್ದು ಮತ್ತು ಪಿನ್ನುಗಳ ಕಿಣಿಕಿಣಿ ಬೇರೆ ಬೇರೆ ಸದ್ದುಗಳು ಎಂದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು, ಇಲ್ಲಿ ಅವೆರಡೂ ಕೇಳಿಸದೇ ಹೋದಾಗ. ಈ ವಾಕ್ಯ ಚೆನ್ನಾಗಿದೆ, ಆದ್ದರಿಂದ ಅನುಮಾನ. ಇರಲಿ.

ಗಂಡ ಕ್ಯಾರವಾನಿನ ಹೊರಗೋಡೆಯ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದ. ಒಳಗೆ ಬರ್ನರಿಗೆ ಹೊದಿಸಿದ್ದ ತಗಡನ್ನು ಸ್ಕ್ರೂಡ್ರೈವರಿನಿಂದ ತೆಗೆದ. ಗ್ಯಾಸ್ ಬಂದ್ ಮಾಡಿದ್ದೆವು, ಅಷ್ಟು ಬುದ್ಧಿ ಇತ್ತು. ಅಮ್ಮ ಹುಲ್ಲಿನ ಮೇಲೆ ಮಣೆ ಹಾಕಿಕೊಂಡು ಕೂತಳು. ಕ್ಯಾರವಾನಿನಲ್ಲಿ ಮಣೆ ಇರಲಿಲ್ಲ, ಅದು ಮಗಳ ಬಣ್ಣದ ಪೆಟ್ಟಿಗೆಯಾಗಿದ್ದಿರಬೇಕು. ಫೋನಿನ ಬೆಳಕು ಬಿಟ್ಟು ನೋಡಿದಳು.

"ಇಷ್ಟೇ ಇಷ್ಟು ತೂತು. ಕೂದಲೂ ಹೋಗಲ್ಲ. ಕಟ್ಟಿಕೊಂಡಿದೆ ನೋಡಿ, ಅದಕ್ಕೇ ಹಾಲು ಹೋಯ್ತು," ಎಂದು ಪಿನ್ನು ತೆಗೆದಳು.

ಕೂದಲೂ ಹೋಗದ ತೂತಿಗೆ ಪಿನ್ನು ಹೋಯಿತು. ಹೋಗುವಂತೆ ಮಾಡಿದಳು. ತಗಡು ಮುಚ್ಚುವ ಮೊದಲು ಗ್ಯಾಸ್ ಬಿಟ್ಟು ಹಚ್ಚಿದಾಗ ಉರಿ ಧಾರಾಳವಾಗಿ ಬಂತು. ಗಂಡ "ಅತ್ತೆ, ನಿಮ್ಮನ್ನ ನಮ್ಮ ಆಫೀಸಿಗೆ ಕರ್ಕೊಂಡ್ ಹೋಗ್ತೀನಿ" ಎಂದ. ಅಮ್ಮ ಪಿನ್ನನ್ನು ಸೆರಗಿಗೆ ಒರೆಸಿ ಬಳೆಗೆ ಸಿಕ್ಕಿಸಿಕೊಂಡಳು. ಆ ರಾತ್ರಿ ಅಜ್ಜಿ ಮೊಮ್ಮಗಳು ಕ್ಯಾರವಾನಿನ ಒಳಗೆ ಮಲಗಿದರು. ನಾವಿಬ್ಬರೂ ಅದಕ್ಕೆ ತಗುಲಿಸಿದ್ದ ಟೆಂಟಿನಲ್ಲಿ.

ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಸುತ್ತು ಹಾಕಿದಾಗ ಮೇಲಿನ ಜಾಲರಿಯಿಂದ ಬಿಳಿ ಗೋಡೆಯ ಮೇಲೆ ಕಪ್ಪು ಮಸಿ ನಾಲಿಗೆಯಂತೆ ಚಾಚಿಕೊಂಡಿತ್ತು. ಗಂಡನ ಪ್ರಕಾರ ಮೊದಲು ನೋಡಿದ್ದು ಅವನು. ಯಾರಾದರೂ ಆಗಲಿ, ಸಿಲಿಂಡರ್ ಬಂದ್ ಮಾಡಿದ್ದು ನಾನು. ಆ ತಿರುಗಣೆಯ ತಣ್ಣನೆಯ ಲೋಹ ಈಗಲೂ ನನ್ನ ಅಂಗೈಯಲ್ಲಿದೆ. ಮಸಿ ಬಂದಿದೆ ಎಂದರೆ ಉರಿ ಪೂರ್ತಿ ಉರಿದಿಲ್ಲ, ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್. ವಾಸನೆಯಿಲ್ಲದ, ನಿದ್ದೆಯಲ್ಲೇ ಮುಗಿಸುವ ಅನಿಲ. ಶಾಲೆಯಲ್ಲಿ ಕಲಿತದ್ದು ಅಷ್ಟು ವರ್ಷ ಸುಮ್ಮನಿದ್ದು ಒಂದೇ ಸಲಕ್ಕೆ ಎದ್ದು ಬಂತು.

ಬಾಗಿಲು ತೆಗೆದೆ. ಮಗಳು ಹಾಸಿಗೆಯ ಮೇಲೆ ಕೂತು ಸ್ವೀಡಿಷ್‌ನಲ್ಲಿ ಹಸಿವು ಎನ್ನುತ್ತಿದ್ದಳು. ಅಮ್ಮ ಹಣೆಗೆ ಕೈ ಒತ್ತಿಕೊಂಡಿದ್ದಳು.

"ತಲೆ ಸಿಡೀತಾ ಇದೆ ಕಣೇ."

ಇಬ್ಬರನ್ನೂ ಹೊರಗೆ ಎಳೆದೆ. ಎಳೆದೆ ಎನ್ನುವುದು ಹೆಚ್ಚಾಯಿತು, ಅಮ್ಮ ಸೀರೆ ಸರಿಮಾಡಿಕೊಂಡೇ ಇಳಿದಳು. ಕಿಟಕಿಗಳನ್ನೆಲ್ಲ ತೆರೆದೆವು. ಆರೋಗ್ಯ ಸಹಾಯವಾಣಿಯ ನರ್ಸು ಫೋನಿನಲ್ಲಿ ಇಬ್ಬರನ್ನೂ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದಳು. ಹೋದೆವು. ಬೆರಳಿಗೆ ಹಾಕಿ ಆಮ್ಲಜನಕ ಅಳೆಯುವ ಕ್ಲಿಪ್ಪಿಗೆ ಇದು ತಿಳಿಯುವುದಿಲ್ಲವೆಂದು ರಕ್ತವನ್ನೇ ತೆಗೆದು ನೋಡಿದರು. ಇಬ್ಬರದೂ ಚೆನ್ನಾಗಿತ್ತು. ಡಾಕ್ಟರು ಅಮ್ಮನನ್ನು ಕೇಳಿದರು, ಬೇರೆ ಏನಾದರೂ ಬದಲಾವಣೆ ಆಗಿದೆಯೇ, ಊಟ, ನಿದ್ದೆ. ನಾನು ಕನ್ನಡದಲ್ಲಿ ಕೇಳಿದೆ.

"ಏನೂ ಇಲ್ಲ. ಕಾಫಿ ಕುಡಿದಿಲ್ಲ ಅಷ್ಟೇ."

"ಯಾವಾಗಿಂದ?"

"ಹಾಲು ಒಡೆದಾಗಿಂದ. ನಿಮ್ಮ ಕರೀ ಕಾಫಿ ನಂಗೆ ಸೇರಲ್ಲ."

ಡಾಕ್ಟರಿಗೆ ಹೇಳಿದೆ. ಅವರು ನಗದೆ ಬರೆದುಕೊಂಡರು. ಆಸ್ಪತ್ರೆಯ ಕೆಫೆಯಲ್ಲಿ ಹಾಲು ಹಾಕಿದ ದೊಡ್ಡ ಲೋಟ ಕಾಫಿ ಕೊಡಿಸಿದೆವು. ಕುಡಿದು ಮುಗಿಸುವ ಹೊತ್ತಿಗೆ ಅವಳ ಹಣೆಯ ಗೆರೆ ಹೋಗಿತ್ತು.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ನೆನಪಿಗೆ ಬಿಟ್ಟರೆ ಅದು ಇಲ್ಲಿಗೇ ಮುಗಿಸುತ್ತದೆ, ಕಾಫಿಯ ಜೋಕಿನ ಮೇಲೆ. ಆದರೆ ಅಮ್ಮ ಮುಗಿಸಲಿಲ್ಲ. ಕಾರಿನಲ್ಲಿ ಹಿಂದೆ ಕೂತು, ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಳಿಗೆ ಕೇಳಿಸದ ಹಾಗೆ ಹೇಳಿದಳು.

"ಆ ರಕ್ತ ನೋಡೋ ಮೆಷೀನು ಈಗಿಂದು ಹೇಳತ್ತೆ. ರಾತ್ರೀದು ಹೇಳತ್ತಾ?"

ಹೇಳುವುದಿಲ್ಲ. ಹೊರಗಿನ ಗಾಳಿಯಲ್ಲಿ ಕೆಲವು ಗಂಟೆ ಕಳೆದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ನಮ್ಮ ಸರದಿ ಬರುವಷ್ಟರಲ್ಲಿ ಹೊತ್ತಾಗಿತ್ತು. ನನಗೆ ಗೊತ್ತಿತ್ತು. ಫ್ರಿಜ್ ಇರುವ ಗೋಡೆಗೇ ಮಗುವಿನ ದಿಂಬು ತಾಗಿಕೊಂಡಿತ್ತು. ಮನೆಗೆ ಬಂದು ಕೈ ತೊಳೆಯುವಾಗ ಅಮ್ಮನ ಬಳೆಯ ಮೇಲೆ ಪಿನ್ನುಗಳಿರಲಿಲ್ಲ.

ಗಂಡ ಅವತ್ತೇ ತೀರ್ಮಾನಕ್ಕೆ ಬಂದಿದ್ದ. "ಫ್ರಿಜ್ ಕಿತ್ತು ಹಾಕೋಣ. ಕಾರಿನ ಕರೆಂಟಲ್ಲಿ ತಣ್ಣಗಾಗೋ ಡಬ್ಬ ಇಟ್ಕೊಳೋಣ."

"ಕಿತ್ತು ಹಾಕಿ," ಎಂದಳು ಅಮ್ಮ. "ಆ ಗಾಡೀನೇ ಮಾರಿಬಿಡಿ. ಮಗೂನ ಅದ್ರಲ್ಲಿ ಮಲಗ್ಸಲ್ಲ ನಾನು."

ಕ್ಯಾಂಪಿಂಗ್ ಆಫೀಸಿನವರಿಗೆ ಫೋನ್ ಮಾಡಿದಾಗ ಅವರು ನಾವೇ ಕೀಳಬಾರದೆಂದರು. ಹಿಂದಿನ ಪೈಪಿನಲ್ಲಿ ಅಮೋನಿಯಾ ಇರುತ್ತದೆ, ಗ್ಯಾಸಿನ ಕೊಳವೆಯ ಬಾಯನ್ನು ಅದಕ್ಕೆ ಅನುಮತಿ ಇರುವವರೇ ಮುಚ್ಚಬೇಕು. ಕ್ಯಾರವಾನ್‌ಗಳ ಗ್ಯಾಸ್ ಕೆಲಸ ಮಾಡುವ ಒಬ್ಬಳು ಮರುದಿನ ಬೇರೆಯವರ ಹೀಟರ್ ನೋಡಲು ಅಲ್ಲಿಗೇ ಬರುವವಳಿದ್ದಳು. ನಮ್ಮದನ್ನೂ ನೋಡಲು ಒಪ್ಪಿಸಿದರು.

ಮರುದಿನ ಬೆಳಿಗ್ಗೆಯೇ ನಾವು ಕ್ಯಾರವಾನಿನ ಹತ್ತಿರ ಹೋಗಿದ್ದೆವು, ಅವಳು ಬಂದದ್ದು ಮಧ್ಯಾಹ್ನ. ನನಗಿಂತ ಹಿರಿಯಳು, ಬಿಸಿಲಿಗೆ ಕೆಂಪಾದ ಕುತ್ತಿಗೆ, ನಿಲ್ಲದ ಮಾತು. ವ್ಯಾನಿನಿಂದ ಇಳಿಯುವ ಮೊದಲೇ ತನ್ನ ಸೊಂಟನೋವಿನ ಬಗ್ಗೆ ಹೇಳಿ ಮುಗಿಸಿದ್ದಳು. ಇಂಗ್ಲಿಷಿನಲ್ಲಿ ಮಾತಾಡಿದಳು, ಬೈಯುವಾಗ ಮಾತ್ರ ಸ್ವೀಡಿಷ್. ನಾನು ಅಮ್ಮನಿಗೆ ಕನ್ನಡ ಮಾಡುತ್ತಿದ್ದೆ. ಆದ್ದರಿಂದ ಈಗ ಅವಳ ಮಾತು ನನಗೆ ಕನ್ನಡದಲ್ಲೇ ನೆನಪಿದೆ. ಅವಳು ಹೀಗೆಯೇ ಹೇಳಿದಳೇ ಎಂದು ಕೇಳಬೇಡಿ.

"ಮೊದಲು ಏನು ಮಾಡಿದಿರಿ ಹೇಳಿ. ಮುಚ್ಚಿಟ್ಟರೆ ನನಗೇ ಕೆಲಸ ಜಾಸ್ತಿ."

"ನಾನು ಬಿಚ್ಚಿದೆ," ಎಂದ ಗಂಡ. "ಸ್ವಲ್ಪ ಕ್ಲೀನ್ ಮಾಡಿದ್ವಿ."

ಅಮ್ಮನಿಗೆ ಕ್ಲೀನ್ ಎಂಬ ಮಾತು ಸಾಕಾಯಿತು. ತನ್ನ ಸಣ್ಣ ಚೀಲ ತೆರೆದು ಒಂದು ಪಿನ್ನು ತೆಗೆದು ಅವಳ ಮುಂದೆ ಹಿಡಿದಳು.

"ಅವರಲ್ಲ. ಇದ್ರಲ್ಲಿ ಚುಚ್ಚಿದ್ದು ನಾನು. ಹೇಳೇ ಅವಳಿಗೆ."

ಹೇಳಿದೆ. ಹೆಂಗಸು ಪಿನ್ನನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು.

"ನಾನು ಕೆಲಸ ಕಲಿಯುವಾಗ ಗಿಟಾರಿನ ತಂತಿ ಹಾಕಿದ್ದೆ. ನನ್ನ ಮಾವನ ದೋಣಿಯ ಫ್ರಿಜ್ಜಿಗೆ. ಈಗಲೂ ಕ್ರಿಸ್ಮಸ್ ಊಟಕ್ಕೆ ಕೂತಾಗ ಅದೇ ಮಾತು."

ಅಮ್ಮ ಕೇಳಿಸಿಕೊಂಡು ತಲೆಯಾಡಿಸಿದಳು. "ಮಾವಂದಾ? ಹಂಗಾದ್ರೆ ಜನ್ಮ ಪೂರ್ತಿ ಹೇಳ್ತಾರೆ."

ಇದನ್ನು ಇಂಗ್ಲಿಷ್ ಮಾಡಿದಾಗ ಹೆಂಗಸು ಅಮ್ಮನ ಭುಜ ತಟ್ಟಿದಳು. ಆಮೇಲೆ ಕೇಳಿದಳು: ಚುಚ್ಚಿದ ಮೇಲೆ ಉರಿಯ ಬಣ್ಣ ಯಾವುದಿತ್ತು?

"ನೀಲಿ," ಎಂದ ಗಂಡ.

"ಹಳದಿ," ಎಂದೆ ನಾನು.

"ನೀಲೀನೇ, ತುದಿ ಕೆಂಪು," ಎಂದಳು ಅಮ್ಮ. "ಒಲೆ ಮುಂದೆ ನಿಂತು ನಿಂತು ನಂಗೆ ವಯಸ್ಸಾಯ್ತು, ನಂಗೆ ಹೇಳ್ಬೇಡಿ."

ಮಗಳು ತಾನು ನೋಡಲೇ ಇಲ್ಲ, ತನ್ನನ್ನು ಹತ್ತಿರ ಬಿಡಲಿಲ್ಲ ಎಂದು ದೂರಿದಳು. ನಾನು ಆ ಉರಿಯನ್ನು ಈಗ ಕಣ್ಣು ಮುಚ್ಚಿ ನೋಡಿದರೂ ಅದು ಹಳದಿಯೇ. ಆದರೆ ಮಸಿಯನ್ನು ನೋಡಿದ ಮೇಲೆ ನನ್ನ ನೆನಪು ಹಿಂದಕ್ಕೆ ಹೋಗಿ ಉರಿಗೆ ಹಳದಿ ಬಳಿದು ಬಂದಿರಬಹುದು. ನೆನಪಿಗೆ ಇಂಥ ಕೆಲಸ ಸಲೀಸು. ಹೆಂಗಸು ಮೂವರನ್ನೂ ನೋಡಿ, ಬಣ್ಣದ ವಿಷಯದಲ್ಲಿ ತಾನು ಸಾಕ್ಷಿಗಳನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು ಎಂದು ಮಂಡಿಯೂರಿದಳು.

ಬರ್ನರ್ ಹೊರಗೆ ಬಂತು. ಗ್ಯಾಸ್ ಚಿಮ್ಮುವ ಹಿತ್ತಾಳೆಯ ಪುಟ್ಟ ಜೆಟ್ಟನ್ನು ಬಿಚ್ಚಿ ಹೊಸದೊಂದರ ಪಕ್ಕ ಹಿಡಿದು ತೋರಿಸಿದಳು. ಹಳೆಯದರ ಬಾಯಿ ಅಗಲವಾಗಿ, ಒಂದು ಕಡೆಗೆ ಸೊಟ್ಟಗಿತ್ತು. ನಮ್ಮ ಅಡುಗೆ ಒಲೆಯ ಬರ್ನರಿನ ತೂತು ಬೇರೆ, ಇದು ಬೇರೆ. ಇದರ ಅಳತೆಯೇ ಗ್ಯಾಸು ಎಷ್ಟು, ಗಾಳಿ ಎಷ್ಟು ಎನ್ನುವುದನ್ನು ನಿರ್ಧರಿಸುತ್ತದೆ, ಇದಕ್ಕೆ ಏನನ್ನೂ ಹಾಕಬಾರದು, ಕೊಳೆಯಾದರೆ ಬದಲಾಯಿಸಬೇಕು ಅಷ್ಟೇ ಎಂದಳು. ಹೊಗೆ ಕೊಳವೆಗೆ ಉದ್ದನೆಯ ಬ್ರಷ್ ಹಾಕಿ ಎಳೆದಾಗ ಹುಲ್ಲಿನ ಮೇಲೆ ಮಸಿ ಬಿತ್ತು.

ಮಸಿ ನೋಡಿ ಅಮ್ಮ ಎದ್ದು ನಿಂತಳು.

"ಇದೆಲ್ಲ ಬೇಡ. ಒಂದೇ ಒಂದು ಕೇಳು. ಆ ಹೊಗೆ ಒಳಗೆ ಬಂದಿತ್ತಾ? ಮಗು ತಲೆ ಇದ್ದಿದ್ದು ಅಲ್ಲೇ."

ಕೇಳಿದೆ. ಹೆಂಗಸು ಕ್ಯಾರವಾನಿನ ಒಳಗೆ ಹೋಗಿ ಫ್ರಿಜ್ಜಿನ ಸುತ್ತ ಟಾರ್ಚ್ ಹಿಡಿದು, ಅಂಚಿನ ಸಂದಿಗೆ ಬೆರಳಾಡಿಸಿದಳು. ಫ್ರಿಜ್ಜಿನ ಬೆನ್ನಿಗೂ ನಾವು ಮಲಗುವ ಜಾಗಕ್ಕೂ ನಡುವೆ ಒಂದು ಪಟ್ಟಿ ಅಂಟಿಸಿ ಮುಚ್ಚಿರಬೇಕಂತೆ. ಉರಿಯ ಕಡೆಯ ಗಾಳಿ ಹೊರಗಿನ ಜಾಲರಿಗಳಲ್ಲೇ ಬಂದು ಹೋಗಬೇಕು. ಹಳೆಯ ಗಾಡಿಗಳಲ್ಲಿ ಆ ಪಟ್ಟಿ ಒಣಗಿ ಉದುರಿರುತ್ತದೆ. ನಮ್ಮದರಲ್ಲಿ ಹಿಂದಿನ ದಂಪತಿ ಹೊಸದು ಹಾಕಿಸಿದ್ದರು.

"ಗಟ್ಟಿ ಇದೆ. ಆದರೂ ನೋಡೇ ಹೇಳುತ್ತೇನೆ," ಎಂದಳು.

ವ್ಯಾನಿನಿಂದ ಬಿಳಿ ಹೊಗೆ ಬಿಡುವ ಸಣ್ಣ ಕೊಳವೆ ತಂದು ಹೊರಗಿನ ಕೆಳ ಜಾಲರಿಯ ಒಳಗೆ ಹಿಡಿದಳು. ಕಿಟಕಿ ಬಾಗಿಲು ಮುಚ್ಚಿ ನಾವು ಒಳಗೆ ಕೂತೆವು. ಹೊಗೆ ಮೇಲಿನ ಜಾಲರಿಯಿಂದ ಹೊರಗೆ ಹೋಯಿತಂತೆ. ಒಳಗೆ ಏನೂ ಕಾಣಲಿಲ್ಲ.

ಅಮ್ಮನಿಗೆ ಸಮಾಧಾನವಾಗಲಿಲ್ಲ. "ಬಿಳೀ ಗೋಡೆ, ಬಿಳೀ ಹೊಗೆ. ನನ್ನ ಕಣ್ಣಿಗೆ ಪೊರೆ ಬೇರೆ. ನಂಗೆ ಹೆಂಗೆ ಗೊತ್ತಾಗತ್ತೆ? ಊದುಬತ್ತಿ ಹಚ್ಚಿ. ಮೂಗು ಸರಿಯಿದೆ."

ಅಮ್ಮ ಎಲ್ಲಿಗೆ ಹೋದರೂ ಊದುಬತ್ತಿಯ ಪೊಟ್ಟಣ ಇರುತ್ತದೆ. ಗ್ಯಾಸ್ ಪೂರ್ತಿ ಬಿಚ್ಚಿ ಸಿಲಿಂಡರ್ ದೂರ ಇಟ್ಟಿದ್ದರಿಂದ ಹೆಂಗಸು ಒಪ್ಪಿದಳು. ಕಟ್ಟಿನಲ್ಲಿದ್ದ ಕಡ್ಡಿಗಳನ್ನೆಲ್ಲ ಒಟ್ಟಿಗೆ ಹಚ್ಚಿ, ಬರ್ನರ್ ಇದ್ದ ಜಾಗದಲ್ಲಿ ಹಿಡಿದು ಹುಲ್ಲಿನ ಮೇಲೆ ಕೂತಳು. ಕ್ಯಾಂಪಿಂಗಿನ ಆ ಮೂಲೆಯೆಲ್ಲ ಗಂಧದ ವಾಸನೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿ, ಏನೂ ಕೇಳದೆ ಹೋದ.

ಇದು ಬಹಳ ಚೊಕ್ಕವಾಗಿದೆ ಎಂದು ನನಗೂ ಅನ್ನಿಸುತ್ತದೆ. ಊದುಬತ್ತಿಯಿಂದ ಫ್ರಿಜ್ ಪರೀಕ್ಷೆ. ಗಂಡನ ಪಾಠದಲ್ಲಿ ಇದೆಲ್ಲ ಐದು ನಿಮಿಷದ ತಮಾಷೆ, ಹೆಂಗಸು ಆಗಲೇ ಉಪಕರಣ ಜೋಡಿಸಿಕೊಳ್ಳುತ್ತಿದ್ದಳು. ಇರಬಹುದು. ಆದರೆ ಒಳಗೆ ಅಮ್ಮನ ಜೊತೆ ಇದ್ದವಳು ನಾನು. ಅವಳು ಮಗುವಿನ ದಿಂಬು ಇದ್ದ ಜಾಗದಲ್ಲೇ ತಲೆಯಿಟ್ಟು ಮಲಗಿದಳು. ಕಣ್ಣು ಮುಚ್ಚಿ ಮೂಗಿನಿಂದ ದೀರ್ಘವಾಗಿ ಎಳೆದುಕೊಂಡಳು. ಫ್ರಿಜ್ಜಿನ ಬಾಗಿಲಿನ ಸಂದಿ, ಕೆಳಗಿನ ಅಂಚು, ಸಿಂಕಿನ ಕೆಳಗಿನ ಕಪಾಟು, ಒಂದೊಂದನ್ನೂ ಮೂಸಿದಳು. ಆಮೇಲೆ ಮೊಮ್ಮಗಳನ್ನು ಕರೆದಳು.

"ಬಾ ಪುಟ್ಟಾ, ನಿನ್ ಮೂಗು ಹೊಸದು. ದೇವರ ಮನೆ ವಾಸನೆ ಬರ್ತಿದ್ಯಾ?"

ಮಗಳು ಗಂಭೀರವಾಗಿ ಮೂಸಿದಳು. "ನೋ, ಅಜ್ಜಿ. ಓನ್ಲಿ ಒಗ್ಗರಣೆ."

ಹೌದು, ಬೆಳಿಗ್ಗೆ ಬಂದು ಉಪ್ಪಿಟ್ಟು ಮಾಡಿದ್ದೆವು, ಟೆಂಟಿನಲ್ಲಿ, ಬೇರೆ ಒಲೆಯಲ್ಲಿ. ಅಮ್ಮ ಹೊರಗೆ ಹೋಗಿ ಹೆಂಗಸಿನ ಕೈಯಿಂದ ಒಂದು ಕಡ್ಡಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದಳು, ತನ್ನ ಮೂಗು ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಕಟ್ಟಿರಲಿಲ್ಲ. ಮತ್ತೆ ಒಳಗೆ ಬಂದು ಇನ್ನೊಮ್ಮೆ ಮೂಸಿ, ಹಾಸಿಗೆಯ ಅಂಚಿನಲ್ಲಿ ಕೂತಳು.

"ಬಂದಿಲ್ಲ," ಎಂದಳು.

"ಮೊನ್ನೆ ರಾತ್ರಿಯ ಬಗ್ಗೆ ನಾನು ಪ್ರಮಾಣ ಮಾಡಲಾರೆ," ಎಂದಳು ಹೆಂಗಸು ಬಾಗಿಲಲ್ಲಿ ನಿಂತು. "ಆದರೆ ಪಟ್ಟಿ ಗಟ್ಟಿಯಿದೆ, ಹೊಗೆ ಹೊರಗೇ ಹೋಗುತ್ತಿದೆ, ರಕ್ತ ಚೆನ್ನಾಗಿದೆ ಅಂತೀರಿ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನನ್ನ ಮೊಮ್ಮಗಳಾಗಿದ್ದರೆ ಇವತ್ತು ರಾತ್ರಿ ಇಲ್ಲೇ ಮಲಗಿಸುತ್ತಿದ್ದೆ. ಆ ಅನಿಲ ಬಂದರೆ ಕೂಗುವ ಒಂದು ಅಲಾರ್ಮ್ ಮಾತ್ರ ಹಾಕಿಸಿ."

ನಾನು ಪೂರ್ತಿ ಕನ್ನಡ ಮಾಡಿದೆ. ಏನನ್ನೂ ಬಿಡಲಿಲ್ಲ, ಪ್ರಮಾಣ ಮಾಡಲಾರೆ ಎಂದದ್ದನ್ನೂ. ಅಮ್ಮನಿಗೆ ಆ ಭಾಗವೇ ಹಿಡಿಸಿತೆಂದು ಕಾಣುತ್ತದೆ. "ಖಂಡಿತ ಅಂದಿದ್ರೆ ನಾನು ನಂಬ್ತಿರ್ಲಿಲ್ಲ," ಎಂದಳು.

ಹೊಸ ಜೆಟ್ ಹಾಕಿ, ಕೊಳವೆಯ ಕೂಡುಗಳಿಗೆ ಹೆಂಗಸು ಸೋಪಿನ ನೀರು ಸಿಂಪಡಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಾಗ ಅಮ್ಮ "ಇದು ನಮ್ಮಲ್ಲೂ ಹೀಗೇ" ಎಂದು ಮೆಚ್ಚಿದಳು. ಗುಳ್ಳೆ ಏಳಲಿಲ್ಲ. ಉರಿ ಹಚ್ಚಿದರು. ಫ್ರಿಜ್ಜಿನ ಒಳಗೆ ಮೂಲೆಯಲ್ಲಿ ಉರಿ ನೋಡಲೆಂದೇ ಇದ್ದ ಪುಟ್ಟ ಗಾಜಿನ ಕಿಂಡಿಯನ್ನು ಹೆಂಗಸು ತೋರಿಸಿದಳು. ನಮಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಸರತಿಯಲ್ಲಿ ಬಗ್ಗಿ ನೋಡಿದೆವು. ಸಣ್ಣ, ಬಿಗಿಯಾದ, ನೀಲಿ. ಈ ಒಂದು ಉರಿಯ ಬಣ್ಣದ ಬಗ್ಗೆ ನಮ್ಮಲ್ಲಿ ಇವತ್ತಿಗೂ ಭಿನ್ನಾಭಿಪ್ರಾಯವಿಲ್ಲ.

"ಹಾಗಾದರೆ ಮೊದಲು ಯಾಕೆ ತಣ್ಣಗಾಗಲಿಲ್ಲ?" ಎಂದು ಗಂಡ ಕೇಳಿದ.

ಹೆಂಗಸು ಮೇಜಿನ ಮೇಲಿದ್ದ ಸ್ಟೀಲಿನ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಫ್ರಿಜ್ಜಿನ ತಳದಲ್ಲಿಟ್ಟಳು. ನೀರು ಒಂದೇ ಕಡೆಯಿಂದ ಚೆಲ್ಲಿತು. ಕ್ಯಾರವಾನ್ ವಾಲಿತ್ತು. ಈ ಬಗೆಯ ಫ್ರಿಜ್ಜು ಸಮತಟ್ಟಾಗಿ ನಿಲ್ಲದಿದ್ದರೆ ಪೈಪಿನೊಳಗಿನ ದ್ರವ ಸುತ್ತುವುದಿಲ್ಲ. ಉರಿಯಲ್ಲಿ ಮೊದಲಿನಿಂದಲೂ ದೋಷವಿರಲಿಲ್ಲ. ಆ ಇಳಿಜಾರಿನಲ್ಲಿ ಚಕ್ರಕ್ಕೆ ಹಲಗೆ ಕೊಡದೆ ಗಾಡಿ ನಿಲ್ಲಿಸಿದ್ದು ಗಂಡ. ಅಮ್ಮ ಅವನ ಕಡೆ ನೋಡಿದಳು. ಅಳಿಯನಿಗೆ ಏನೂ ಅನ್ನಬಾರದೆಂಬ ಜೀವಮಾನದ ಅಭ್ಯಾಸ ಅವಳ ಮುಖದಲ್ಲಿ ಒಂದು ಕ್ಷಣ ಒದ್ದಾಡಿತು.

"ಇರ್ಲಿ ಬಿಡಿ," ಎಂದಳು ಕೊನೆಗೆ. "ನೀವು ವಾಲ್ಸಿದ್ರಿ, ನಾನು ಚುಚ್ಚಿದೆ."

ಕೆಳಗಿದ್ದ ಚಕ್ರದಡಿ ಹಲಗೆ ಕೊಟ್ಟರು. ಹೆಂಗಸು ಚಕ್ಕುಲಿ ತಿಂದು, ಕರೀ ಕಾಫಿ ಕುಡಿದು, ಹೀಟರ್ ನೋಡಲು ಹೋದಳು. ಕಿತ್ತು ಹಾಕುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಗಂಡ ಪೇಟೆಗೆ ಹೋಗಿ ಅಲಾರ್ಮ್ ತಂದು ಮಗುವಿನ ಹಾಸಿಗೆಯ ಹತ್ತಿರ ಸ್ಕ್ರೂ ಹಾಕಿ ಕೂರಿಸಿದ. ಜೊತೆಗೆ ಹಾಲೂ ತಂದಿದ್ದ.

ಬಿಸಿಲು ಇನ್ನೂ ಇದ್ದಾಗ ಮಗಳು ನೀರಿಗೆ ಓಡಲು ಹೋಗಿ, ಫ್ರಾಕಿನ ಭುಜದ ಪಟ್ಟಿಯ ಗುಂಡಿ ಕಿತ್ತುಕೊಂಡು ಬಂದಳು. ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಅಜ್ಜಿಯ ಮುಂದೆ ನಿಂತಳು. ಇದು ಅದೇ ದಿನವೋ ಮಾರನೆಯ ದಿನವೋ ಹೇಳಲಾರೆ, ಮಗಳ ಕಾಲಿಗೆ ಮರಳು ಹತ್ತಿತ್ತು ಎನ್ನುವುದಷ್ಟೇ ನಿಜ. ಅಮ್ಮ ಚೀಲ ತೆರೆದು ಪಿನ್ನುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು. ಒಂದನ್ನು ಮೊಮ್ಮಗಳ ಭುಜಕ್ಕೆ ಹಾಕಿ, ಮೊನೆ ಚರ್ಮಕ್ಕೆ ತಾಗದಂತೆ ಒಳಗೆ ಬೆರಳಿಟ್ಟು ಮುಚ್ಚಿದಳು. ಮಿಕ್ಕವನ್ನು ಒಂದೊಂದಾಗಿ ಬಳೆಗೆ ಪೋಣಿಸಿಕೊಂಡು, ಕಾಫಿಗೆ ಹಾಲು ಕಾಯಿಸಲು ಎದ್ದಳು.